ನಿಲ್ಲಿಸಿ ನೋಡಿದವರು

ಆ ದಿನ ಬೆಳಿಗ್ಗೆ ಮೋಡ ಕವಿದಿತ್ತು. ಸುರಿಯಲೂ ಒಲ್ಲದು, ಸರಿಯಲೂ ಒಲ್ಲದು ಎಂಬಂಥ ಮೋಡ. ಆಸ್ಪತ್ರೆಯ ಹಿಂಬಾಗಿಲಿನ ಇಳಿಜಾರಿನಲ್ಲಿ ಇರುಳು ಉದುರಿದ ನಾಲ್ಕು ಹನಿಯ ಒದ್ದೆ ಇನ್ನೂ ಆರಿರಲಿಲ್ಲ. ಸ್ಕ್ಯಾನಿಂಗ್ ವಿಭಾಗದ ಕಿಟಕಿಗಳಿಗೆ ಸದಾ ಕಪ್ಪು ಪರದೆ. ಒಳಗೆ ದುಡಿಯುವವರಿಗೆ ಹೊರಗಿನ ಹವೆ ಗೊತ್ತಾಗುವುದು ಬಂದವರ ಪಾದ ನೋಡಿಯೇ. ಬೆರಳ ಸಂದಿಯಲ್ಲಿ ಕೆಸರಿದ್ದರೆ ಮಳೆ, ಹಿಮ್ಮಡಿಯ ಬಿರುಕಿನಲ್ಲಿ ಧೂಳಿದ್ದರೆ ಬಿಸಿಲು. ಈ ತಿಂಗಳು ನಿವೃತ್ತರಾದ ಹಿರಿಯ ವೈದ್ಯೆ ಮೂವತ್ತಾರು ವರ್ಷಗಳ ಋತುಗಳನ್ನು ಅರಿತದ್ದು ಹೀಗೆ, ಪರರ ಪಾದಗಳಲ್ಲಿ. ಆ ಬೆಳಗು ಯಾವುದು, ಅಂದು ಏನಾಯಿತು ಎಂಬುದನ್ನು ಹೇಳುವ ಮುನ್ನ ಅವರು ಯಾರೆಂದು ಹೇಳಬೇಕು.

ದೇಹದ ಒಳಗನ್ನು ಚಿತ್ರದಲ್ಲಿ ಕಂಡು ರೋಗವನ್ನು ಗುರುತಿಸುವ ಶಾಸ್ತ್ರದಲ್ಲಿ ಮಿದುಳಿಗೆ ಪಂಡಿತರಿದ್ದಾರೆ, ಹೃದಯಕ್ಕೆ ಮಹಾಪಂಡಿತರಿದ್ದಾರೆ. ಪಾದದ ಕಡೆ ಬಗ್ಗಿ ನೋಡುವವರು ಅಂದೂ ಕಡಿಮೆ, ಇಂದೂ ಕಡಿಮೆ. ಪಾದದ ಮೆದುಭಾಗದಲ್ಲಿ ಏಳುವ ಗಡ್ಡೆಗಳಲ್ಲಿ ಬಹುಪಾಲು ನಿರಪಾಯದವು: ಕೀಲಿನ ಬಳಿಯ ನೀರುಗಂಟು, ಕೊಬ್ಬಿನ ಗಂಟು, ಅಂಗಾಲಿನ ನಾರುಗಂಟು, ರಕ್ತನಾಳಗಳು ಹೆಣೆದುಕೊಂಡ ಗೊಂಚಲು. ಆದರೆ ಅವುಗಳ ನಡುವೆ ಎಲ್ಲೋ ಒಂದು ಕೆಟ್ಟದ್ದು ಅದೇ ವೇಷ ಹಾಕಿಕೊಂಡು ಕುಳಿತಿರುತ್ತದೆ. ಆ ಒಂದರ ಭಯಕ್ಕೆ ಉಳಿದೆಲ್ಲದರ ಮೇಲೂ ಕತ್ತಿ ಆಡಿಸುವುದು ಸುಲಭ. ಕೆಟ್ಟದ್ದನ್ನು ಕೆಟ್ಟದ್ದೆನ್ನಲು ಕಣ್ಣಿದ್ದರೆ ಸಾಕು. ಸಾಧುವನ್ನು ಸಾಧುವೆಂದು ಹೇಳಿ ಸಹಿ ಹಾಕಲು ಎದೆಗಾರಿಕೆ ಬೇಕು. ಆ ಎದೆಗಾರಿಕೆಯನ್ನೇ ವಿದ್ಯೆಯಾಗಿ ಬೆಳೆಸಿದವರು ಇವರು. ವಿಭಾಗದ ಆಯಾ ಇಟ್ಟ ‘ಪಾದದಮ್ಮ’ ಎಂಬ ಹೆಸರು ರೋಗಿಗಳ ಬಾಯಲ್ಲಿ ನಿಂತಿತು. ಜೊತೆಯವರಿಗೆಲ್ಲ ಬರಿಯ ‘ಅಮ್ಮ’ ಆಯಿತು.

ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಅವರ ಕೈಕೆಳಗೆ ಕಲಿಯಲು ಬಂದವರಲ್ಲಿ ಈ ಲೇಖನ ಬರೆಯುತ್ತಿರುವವನೂ ಒಬ್ಬ. ಮುಂದೆಲ್ಲ ಅವನನ್ನು ‘ಶಿಷ್ಯ’ ಎಂದೇ ಕರೆಯುವುದು ಲೇಸು. ತನ್ನನ್ನು ತಾನು ‘ನಾನು’ ಎಂದು ಬರೆದುಕೊಂಡರೆ ತಪ್ಪುಗಳು ಇದ್ದುದಕ್ಕಿಂತ ಚಿಕ್ಕದಾಗಿ ಕಾಣುತ್ತವೆ.

ಶಿಷ್ಯನ ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಸೃಷ್ಟಿಯ ದಿನ ದೇವರು ಅಂಗಗಳನ್ನೆಲ್ಲ ಕರೆದು ವರ ಕೊಟ್ಟನಂತೆ. ಕಣ್ಣು ಬೆಳಕು ಕೇಳಿತು, ನಾಲಿಗೆ ರುಚಿ ಕೇಳಿತು, ಕೈ ಕೆಲಸ ಕೇಳಿತು. ಪಾದದ ಸರದಿ ಬಂದದ್ದು ಕೊನೆಗೆ. ಎಲ್ಲರನ್ನೂ ಹೊತ್ತು ತಂದದ್ದು ಅದೇ ತಾನೇ! ಅಷ್ಟು ಹೊತ್ತಿಗೆ ದೇವರ ಚೀಲ ಬರಿದಾಗಿತ್ತು. “ನಿನಗೆ ಕೊಡೋದಕ್ಕೆ ಏನೂ ಉಳಿದಿಲ್ಲವಲ್ಲಪ್ಪಾ” ಎಂದ ದೇವರು. “ಏನೂ ಬೇಡ ಸ್ವಾಮಿ, ಯಾರಾದರೂ ಒಬ್ಬರು ಬಗ್ಗಿ ನನ್ನನ್ನ ನೋಡಿದರೆ ಸಾಕು” ಎಂದಿತು ಪಾದ. ‘ಕಳಿಸುತ್ತೇನೆ’ ಎಂದ ದೇವರು ಬಹುಕಾಲ ಮರೆತುಬಿಟ್ಟನಂತೆ. ಕಥೆ ಅಲ್ಲಿಗೇ ನಿಲ್ಲುತ್ತಿತ್ತು. “ಆಮೇಲೆ ಕಳಿಸಿದನೇ?” ಎಂದರೆ ಅಜ್ಜಿ, “ನಾನೇನು ಕಂಡೆ, ನೀನೇ ಹುಡುಕು” ಎನ್ನುತ್ತಿದ್ದಳು.

ವಿಭಾಗಕ್ಕೆ ಬಂದ ಮೊದಲ ದಿನವೇ ಶಿಷ್ಯನಿಗೆ ಉತ್ತರ ಸಿಕ್ಕಿತು. ಇಟ್ಟಿಗೆ ಹೊರುವ ಹೆಂಗಸೊಬ್ಬಳು ಮಂಚದ ಮೇಲೆ ಕಾಲು ಮುದುರಿ ಕುಳಿತಿದ್ದಳು. ಅಮ್ಮ ಮೋಟು ಸ್ಟೂಲು ಎಳೆದುಕೊಂಡು ಅವಳ ಮುಂದೆ ಕುಳಿತರು. ಪಕ್ಕದಲ್ಲಿ ಬಿಸಿನೀರಿನ ಬೋಗುಣಿ, ಅದರಲ್ಲಿ ಬೆಚ್ಚಗಾಗಲೆಂದು ಇಟ್ಟ ಜೆಲ್ಲಿನ ಬಾಟಲಿ.

“ಮುಟ್ಟಬೇಡಿ ಅಮ್ಮಾ, ಗಲೀಜು.”

“ಗಲೀಜು ತೊಳೆದರೆ ಹೋಗುತ್ತೆ. ಗಂಟು ತೊಳೆದರೆ ಹೋಗುತ್ತಾ? ಕೊಡು ಕಾಲು.”

ಬೋಗುಣಿಯ ನೀರಿನಲ್ಲೇ ಅವರು ಆ ಪಾದವನ್ನು ತೊಳೆದು, ಒರೆಸಿ, ಆಮೇಲೆ ಚರ್ಮದ ಮೇಲೆ ಆಡಿಸಿ ಒಳಗನ್ನು ತೋರಿಸುವ ಪ್ರೋಬ್ ಕೈಗೆ ತೆಗೆದುಕೊಂಡರು. ದೇವರಿಗೆ ಕೊನೆಗೂ ನೆನಪಾಗಿದೆ ಎಂದುಕೊಂಡ ಶಿಷ್ಯ.

ಅವರ ಕ್ರಮದಲ್ಲಿ ಯಂತ್ರ ಬರುತ್ತಿದ್ದುದು ಕೊನೆಗೆ. ಮೊದಲು ಹೆಬ್ಬೆರಳಿಂದ ಗಂಟನ್ನು ಮುಟ್ಟಿ, ಅದು ಗಟ್ಟಿಯೋ ಮೆತ್ತಗೋ, ಜಾರುತ್ತದೆಯೋ ಕಚ್ಚಿಕೊಂಡಿದೆಯೋ ನೋಡುವರು. ಆಮೇಲೆ ಒಂದೇ ಪ್ರಶ್ನೆ: “ಬೆಳಿಗ್ಗೆ ದೊಡ್ಡದೋ, ಸಂಜೆ ದೊಡ್ಡದೋ?” ಸಂಜೆ ದೊಡ್ಡದು ಎಂದರೆ ರೋಗಿಯನ್ನು ಮಂಚದಿಂದ ಇಳಿಸಿ ಹತ್ತು ನಿಮಿಷ ನಿಲ್ಲಿಸುವರು. ರಕ್ತನಾಳಗಳ ಗೊಂಚಲು ಮಲಗಿದಾಗ ಬರಿದಾಗಿ, ಗಟ್ಟಿ ಮಾಂಸದಂತೆ ಯಂತ್ರದ ಪರದೆಯ ಮೇಲೆ ಸುಳ್ಳು ಹೇಳುತ್ತದೆ. ನಿಂತಾಗ ತುಂಬಿಕೊಂಡು ನಿಜ ಒಪ್ಪುತ್ತದೆ. ಪ್ರೋಬನ್ನು ಒತ್ತಿ ಹಿಡಿದರೂ ಅಷ್ಟೇ, ರಕ್ತ ಹಿಂಡಿಹೋಗಿ ಏನೂ ಕಾಣುವುದಿಲ್ಲ. ಹಾಗಾಗಿ ಅವರ ಬಾಯಲ್ಲಿ ಸದಾ ಎರಡು ಮಾತು: ಕೈ ಹಗುರ ಇರಲಿ; ನಿಲ್ಲಿಸಿ ನೋಡು. ಎಣ್ಣೆಬಟ್ಟೆಯ ರಟ್ಟಿನ ಒಂದು ದಪ್ಪ ಪುಸ್ತಕದಲ್ಲಿ ತಾವು ನೋಡಿದ ಪ್ರತಿ ಪಾದವನ್ನೂ ಪೆನ್ಸಿಲಿನಲ್ಲಿ ಬಿಡಿಸಿ, ಸಂಖ್ಯೆ ಕೊಟ್ಟು, ಕಂಡದ್ದನ್ನು ಒಂದು ಸಾಲಿನಲ್ಲಿ ಬರೆದಿಡುತ್ತಿದ್ದರು. ನಿಲ್ಲಿಸಿ ನೋಡುವ ಈ ವಿಧಾನದ ಬಗ್ಗೆ ಒಂದು ಪುಸ್ತಕ ಬರೆಯಬೇಕೆಂಬುದು ಅವರ ಆಸೆ. ದೊಡ್ಡ ಯಂತ್ರಗಳಿಲ್ಲದ ಊರುಗಳ ವೈದ್ಯರಿಗೆ ಅದು ದೀಪವಾಗುತ್ತಿತ್ತು.

ಶಿಷ್ಯನನ್ನು ಅವರು ‘ಅವಸರದ ದೊರೆ’ ಎಂದು ಕರೆಯುತ್ತಿದ್ದರು. “ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ. ನಿನಗೆ ಬುದ್ಧಿ ಇದೆ, ಅದೇ ಕಷ್ಟ” ಎಂದು ನಗುತ್ತಿದ್ದರು. ಆದರೂ ಅವನ ತಂದೆ ಹಾಸಿಗೆ ಹಿಡಿದಾಗ ಹನ್ನೊಂದು ದಿನ ಅವನ ಪಾಳಿಯನ್ನೂ ತಾವೇ ದುಡಿದರು. ತಂದೆಯ ಮಣ್ಣು ಮುಗಿಸಿ ಹಿಂದಿರುಗಿದವನು ಕಣ್ಣು ತುಂಬಿಕೊಂಡು ಏನೋ ಹೇಳಹೊರಟರೆ, “ಹೋಗು, ಐದನೇ ಮಂಚದವನು ಕಾಯ್ತಿದ್ದಾನೆ” ಎಂದು ಬೆನ್ನು ತಟ್ಟಿ ಕಳಿಸಿದರು.

ಇನ್ನು ಆ ಮೋಡದ ಬೆಳಗು. ಇಪ್ಪತ್ತೆರಡು ವರ್ಷಗಳ ಹಿಂದಿನ ಮಾತು. ಸಾಲಿನಲ್ಲಿ ನಲವತ್ತು ಜನರಿದ್ದರು. ಮಧ್ಯಾಹ್ನ ಶಿಷ್ಯನಿಗೆ ಬೇರೆ ಊರಿನಲ್ಲಿ ಒಂದು ಸಂದರ್ಶನವಿತ್ತು, ಹನ್ನೊಂದಕ್ಕೆ ಬಸ್ಸು. ಒಂಬತ್ತನೆಯವರಾಗಿ ಬಂದವರು ಒಬ್ಬ ಅಂಚೆಯಣ್ಣ. ಬಲಗಾಲಿನ ಅಂಗಾಲಿನ ಒಳಬದಿಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಚೀಲವನ್ನೇ ತಲೆದಿಂಬು ಮಾಡಿಕೊಂಡು ಮಲಗಿ ಅವರು ಮಾತಿಗೆ ತೊಡಗಿದರು.

“ನಲವತ್ತು ಬೀದಿಗೆ ಕಾಗದ ಹಂಚೋ ಕಾಲು ಸಾರ್ ಇದು. ಇದಕ್ಕೇ ಯಾರೋ ಪಾರ್ಸೆಲ್ ಕಳಿಸಿದ್ದಾರೆ. ಬಿಚ್ಚಿ ನೋಡಿ, ಒಳಗೇನಿದೆ ಅಂತ.”

“ಅಲುಗಾಡಬೇಡಿ.”

“ಸಂಜೆ ಹೊತ್ತು ಉಬ್ಬುತ್ತೆ ಸಾರ್. ಈಗ ಇಷ್ಟೇ.”

ಶಿಷ್ಯನ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಕಿವಿಯೂ ಅಲ್ಲೇ ಇತ್ತೆಂದು ಕಾಣುತ್ತದೆ. ಅವನು ಪ್ರೋಬನ್ನು ಒತ್ತಿ ಹಿಡಿದ. ಪರದೆಯ ಮೇಲೆ ಗಟ್ಟಿಯಾದ, ಅಂಚು ಸರಿಯಿಲ್ಲದ ಒಂದು ಕಪ್ಪು ಮುದ್ದೆ. ರಕ್ತದ ಹರಿವು ಇಲ್ಲ. ನಿಲ್ಲಿಸಿ ನೋಡಬೇಕೆಂದರೆ ಹತ್ತು ನಿಮಿಷ ಬೇಕಿತ್ತು. ‘ಗಟ್ಟಿ ಗಡ್ಡೆ, ಕ್ಯಾನ್ಸರ್ ಸಂದೇಹವಿದೆ’ ಎಂದು ಬರೆದು ಎದ್ದ.

ಕಿರಿಯರು ನೋಡಿದ ಪಾದವನ್ನು ಅಮ್ಮ ತಾವೂ ಒಮ್ಮೆ ನೋಡದೆ ಸಹಿ ಹಾಕುತ್ತಿರಲಿಲ್ಲ. ಅಂದು ಮಾತ್ರ ತುರ್ತು ಕರೆ ಬಂದು ಮೇಲಿನ ಮಹಡಿಗೆ ಓಡುತ್ತಿದ್ದರು. ಮೆಟ್ಟಿಲ ತಿರುವಿನಲ್ಲಿ ಶಿಷ್ಯ ಅಡ್ಡ ಹೋದ. ಅವರು ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು ಓದಿದರು.

“ನಿಲ್ಲಿಸಿ ನೋಡಿದೆಯೇನಪ್ಪಾ?”

“ನೋಡಿದೆ ಅಮ್ಮಾ.”

ಅವರು ಸಹಿ ಹಾಕಿದರು. ಶಿಷ್ಯನಿಗೆ ಬಸ್ಸು ಸಿಕ್ಕಿತು.

ಮುಂದಿನದು ಉರುಳಿಬಿಟ್ಟ ಕಲ್ಲು. ಶಸ್ತ್ರಚಿಕಿತ್ಸಕರು ಸೂಜಿ ಹಾಕಿದರೆ ಬಂದದ್ದು ಬರಿಯ ರಕ್ತ. ವರದಿಯ ಸಂದೇಹದ ಜೊತೆ ಅದನ್ನೂ ಕೆಟ್ಟ ಗುರುತೆಂದೇ ಕೂಡಿಸಿ, ಸುತ್ತಲ ಒಳ್ಳೆಯ ಭಾಗವನ್ನೂ ಸೇರಿಸಿ ಅಗಲವಾಗಿ ಕೊಯ್ದು ತೆಗೆದರು. ಜೊತೆಗೆ ಅಂಗಾಲಿನ ಒಂದು ನರವೂ ಹೋಯಿತು. ತೆಗೆದದ್ದನ್ನು ಪರೀಕ್ಷಿಸಿದಾಗ ಅದು ರಕ್ತನಾಳಗಳ ಗೊಂಚಲು. ನೂರಕ್ಕೆ ನೂರು ನಿರಪಾಯ. ಮುಟ್ಟದೆ ಬಿಟ್ಟಿದ್ದರೂ ಆಗುತ್ತಿತ್ತು. ಅಂಚೆಯಣ್ಣನ ಅರ್ಧ ಅಂಗಾಲು ಮರಗಟ್ಟಿತು. ಕಲ್ಲು ಚುಚ್ಚಿದರೂ ತಿಳಿಯದು, ಕಾಲು ಇಟ್ಟ ಕಡೆ ನಿಲ್ಲದು. ಕಾಗದ ಹಂಚುವವರನ್ನು ಕಾಗದ ವಿಂಗಡಿಸುವ ಮೇಜಿಗೆ ಕೂರಿಸಿದರು. “ಬೀದಿ ಬಿಟ್ಟು ಗೂಡಿಗೆ ಬಂದೆ ಅಮ್ಮಾ” ಎಂದು ಅವರು ನಕ್ಕಾಗ ಅಮ್ಮ ನಗಲಿಲ್ಲ.

ವಿಚಾರಣೆ ನಡೆಯಿತು. ಉದ್ದ ಮೇಜಿನ ಆಚೆ ಕುಳಿತವರು, ಪರೀಕ್ಷೆ ಮಾಡಿದ್ದು ಯಾರು ಎಂದು ಅಮ್ಮನನ್ನು ಕೇಳಿದರು.

“ಸಹಿ ನನ್ನದು.”

“ಕೈ ಯಾರದು ಅಂತ ಕೇಳಿದ್ದು, ಡಾಕ್ಟ್ರೇ.”

“ನಾನು ಕಲಿಸಿದ ಕೈ. ಅಂದ ಮೇಲೆ ಅದೂ ನನ್ನದೇ.”

ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತ ಶಿಷ್ಯನಿಗೆ ಇದೆಲ್ಲ ಕೇಳಿಸುತ್ತಿತ್ತು. ಎದ್ದು ಒಳಗೆ ಹೋಗಲು ನಾಲ್ಕು ಹೆಜ್ಜೆ. ಅವನು ಏಳಲಿಲ್ಲ. ಆ ವರ್ಷ ಅಮ್ಮನಿಗೆ ಬರಬೇಕಿದ್ದ ಮುಖ್ಯಸ್ಥರ ಸ್ಥಾನ ಬೇರೆಯವರಿಗೆ ಹೋಯಿತು. ಅಮ್ಮ ಅಂಚೆಯಣ್ಣನ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದುಕೊಂಡು, ಜೋಡು ಹೊಲಿಯುವವರ ಬಳಿ ಹೋಗಿ, ಮರಗಟ್ಟಿದ ಭಾಗಕ್ಕೆ ಮೆತ್ತೆ ಇರುವ ಚಪ್ಪಲಿ ಮಾಡಿಸಿದರು. ಅಂದಿನಿಂದ ಪ್ರತಿ ವರ್ಷವೂ ಮಾಡಿಸುತ್ತ ಬಂದಿದ್ದಾರೆ.

ಸ್ಥಾನ ಹೋದದ್ದು ದೊಡ್ಡ ನಷ್ಟವಲ್ಲ. ನಷ್ಟ ಬೇರೆ ಕಡೆ ಆಯಿತು. ಅಮ್ಮ ತಮ್ಮ ಎಣ್ಣೆಬಟ್ಟೆಯ ಪುಸ್ತಕದಲ್ಲಿ ಅಂಚೆಯಣ್ಣನ ಪಾದವನ್ನು ನಾನೂರ ಹನ್ನೆರಡನೆಯದಾಗಿ ಬಿಡಿಸಿ ಕೆಳಗೆ ಬರೆದರು: ‘ನಿಲ್ಲಿಸಿ ನೋಡಿದರೂ ಕಾಣಲಿಲ್ಲ.’ ಬರೆಯುವಾಗ ಶಿಷ್ಯ ಎದುರಿಗೇ ಇದ್ದ, ಕೈಯಲ್ಲಿ ಆರಿದ ಚಹಾ. ಆ ಸಾಲಿನ ಒಂದೊಂದು ಪದವನ್ನೂ ಅವರು ಅವನ ಮಾತಿನ ಮೇಲೆ ನಂಬಿಕೆಯಿಟ್ಟು ಬರೆದಿದ್ದರು.

“ನೀವು ಬರೆಯಬೇಕೆಂದಿದ್ದ ಪುಸ್ತಕ ಎಲ್ಲಿಗೆ ಬಂತು ಅಮ್ಮಾ?” ಎಂದು ಯಾರೋ ಕೇಳಿದರು.

“ನಿಂತಿದೆ. ನಾನೂರು ಪಾದ ಹೌದು ಅನ್ನುತ್ತೆ, ಒಂದು ಪಾದ ಇಲ್ಲ ಅನ್ನುತ್ತೆ. ಆ ಒಂದು ಯಾಕೆ ಹಾಗಂತು ಅಂತ ತಿಳಿಯೋ ತನಕ ಇನ್ನೊಬ್ಬರಿಗೆ ಹೇಗೆ ಹೇಳಲಿ? ನನ್ನ ಪುಸ್ತಕ ನಂಬಿ ಇನ್ನೊಬ್ಬರ ಕಾಲು ಹೋದರೆ?”

ಹೀಗೆ ಒಂದು ಸುಳ್ಳು ಒಂದು ವಿದ್ಯೆಯ ಬುಡಕ್ಕೆ ಹೋಗಿ ಕುಳಿತಿತು. ಅಲ್ಲಿಂದಾಚೆ ಅಮ್ಮ ತಮ್ಮ ಕಣ್ಣನ್ನೇ ನಂಬದಾದರು. ನಿಲ್ಲಿಸಿ ನೋಡಿ, ಗೊಂಚಲು ಎಂದು ಸ್ಪಷ್ಟವಾಗಿ ಕಂಡ ಮೇಲೂ ಸೂಜಿ ಪರೀಕ್ಷೆಗೆ ಬರೆಯತೊಡಗಿದರು. ಎಂಆರ್‌ಐ ಯಂತ್ರ ಬಂದ ಮೇಲೆ ಎಲ್ಲರನ್ನೂ ಅಲ್ಲಿಗೆ ಕಳಿಸಿದರು. ಗಂಟಿರುವ ಜಾಗ ಚಿತ್ರದಲ್ಲಿ ಗುರುತು ಸಿಗಲೆಂದು ಚರ್ಮದ ಮೇಲೆ ಮೀನೆಣ್ಣೆಯ ಗುಳಿಗೆಯೊಂದನ್ನು ಅಂಟಿಸುವುದು ಅಲ್ಲಿಯ ವಾಡಿಕೆ. ಒಬ್ಬ ತಾತ, “ಔಷಧಿನ ಯಾರಾದರೂ ಕಾಲಿಗೆ ಕೊಡ್ತಾರೇನಮ್ಮಾ” ಎಂದು ಕಿತ್ತು ನುಂಗಿಯೇಬಿಟ್ಟ. ಆಯಾ ಮೂರು ದಿನ ಅದನ್ನೇ ಹೇಳಿಕೊಂಡು ನಕ್ಕಳು. ಎಲ್ಲರೂ ನಕ್ಕರು. ಆ ತಾತನಿಗೆ ಯಂತ್ರದೊಳಗೆ ಹೋಗುವ ಅಗತ್ಯವೇ ಇರಲಿಲ್ಲ ಎಂಬುದು ನಗುತ್ತಿದ್ದವರಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು.

ಶಿಷ್ಯನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಅಮ್ಮ ಆ ಎಣ್ಣೆಬಟ್ಟೆಯ ಪುಸ್ತಕವನ್ನೇ ಅವನ ಕೈಗಿತ್ತರು. “ನಾನೂರ ಹನ್ನೆರಡು ನೀನು ನೋಡಿದ ಕಾಲು. ನನಗಿಂತ ನಿನ್ನ ಕಣ್ಣಿಗೆ ಚೆನ್ನಾಗಿ ನೆನಪಿರುತ್ತೆ. ಎಲ್ಲಿ ತಪ್ಪಿತು ಅಂತ ಯೋಚನೆ ಮಾಡು. ಉತ್ತರ ಸಿಕ್ಕಿದ ದಿನ ಪುಸ್ತಕ ತಂದುಕೊಡು. ಅವಸರ ಇಲ್ಲ.” ಅವಸರದ ದೊರೆ ಇಪ್ಪತ್ತು ವರ್ಷ ತೆಗೆದುಕೊಂಡ. ವರ್ಷಕ್ಕೊಮ್ಮೆ ಅವರು ಫೋನಿನಲ್ಲಿ ಕೇಳುವರು, “ಸಿಕ್ಕಿತೇನಪ್ಪಾ?” “ಇನ್ನೂ ಇಲ್ಲ ಅಮ್ಮಾ.” ಆ ಇಪ್ಪತ್ತು ವರ್ಷಗಳಲ್ಲಿ ಅವನೂ ಒಂದು ವಿಭಾಗದ ಮುಖ್ಯಸ್ಥನಾದ, ‘ಕೈ ಹಗುರ ಇರಲಿ’ ಎಂದು ತನ್ನ ಕಿರಿಯರಿಗೆ ಹೇಳಿದ. ನಿಲ್ಲಿಸಿ ನೋಡಿ ಎಂದು ಹೇಳುವಾಗ ಮಾತ್ರ ಅವರ ಮುಖ ನೋಡದೆ ಯಂತ್ರದ ಕಡೆ ತಿರುಗುತ್ತಿದ್ದ. ದೇವರ ಮುಂದೆ ಕೈಮುಗಿದು ಕಣ್ಣು ಮುಚ್ಚಿದರೆ ಕಾಣುತ್ತಿದ್ದುದು ಮೆಟ್ಟಿಲ ತಿರುವು, ಗೋಡೆಗೆ ಒತ್ತಿ ಹಿಡಿದ ಹಾಳೆ.

ಅಮ್ಮನ ನಿವೃತ್ತಿಗೆ ಹೊರಡುತ್ತಿರುವ ಈ ಅಭಿನಂದನ ಗ್ರಂಥಕ್ಕೆ ಲೇಖನ ಬೇಕೆಂದು ಸಂಪಾದಕರ ಕಾಗದ ಬಂದಾಗ ಶಿಷ್ಯ ಮೂರು ಬಾರಿ ಬರೆಯಲು ಕುಳಿತು ಮೂರು ಬಾರಿ ಹರಿದ. ನಾಲ್ಕನೆಯ ದಿನ ಬಸ್ಸು ಹತ್ತಿ ಅಂಚೆಯಣ್ಣನ ಮನೆ ಹುಡುಕಿಕೊಂಡು ಹೋದ. ಅವರೂ ನಿವೃತ್ತರಾಗಿದ್ದರು. ಜಗಲಿಯಲ್ಲಿ ಕುಳಿತು, ಮೆತ್ತೆಯ ಚಪ್ಪಲಿಯ ಕಾಲನ್ನು ಚಾಚಿ, ಎಲ್ಲವನ್ನೂ ಕೇಳಿಸಿಕೊಂಡರು.

“ನಾನು ಅಂದು ಹೇಳಿದ್ದೆ ಸಾರ್, ಸಂಜೆ ಉಬ್ಬುತ್ತೆ ಅಂತ.”

“ಹೇಳಿದ್ದಿರಿ.”

“ಹೇಳಿದ್ದೆನೋ ಇಲ್ಲವೋ ಅಂತ ಎಷ್ಟೋ ಸಲ ಯೋಚಿಸಿದೀನಿ. ನಾನೇ ಹೇಳದೆ ಕಾಲು ಕಳಕೊಂಡೆ ಅಂದುಕೊಂಡಿದ್ದೆ.” ಅವರು ಪಾದವನ್ನು ಒಮ್ಮೆ ಸವರಿಕೊಂಡರು. “ಕಾಲು ವಾಪಸ್ ಬರಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತೆ, ಅದೂ ಇದೆ. ಆದರೆ ಸಾರ್, ನಮ್ಮ ಕೆಲಸದಲ್ಲಿ ಒಂದು ಮಾತಿತ್ತು. ಕಾಗದ ಎಷ್ಟೇ ತಡವಾಗಿ ಕೈಗೆ ಬರಲಿ, ವಿಳಾಸ ಇದ್ದರೆ ಮುಟ್ಟಿಸಲೇಬೇಕು. ಇದರ ವಿಳಾಸ ಪೂರ್ತಿ ನನ್ನದಲ್ಲ. ಅಮ್ಮನಿಗೆ ಮುಟ್ಟಿಸಿ.”

ಅಮ್ಮನ ಕೆಲಸದ ಕೊನೆಯ ದಿನ ಅವರ ಕೋಣೆಯ ಕಪಾಟುಗಳು ಬರಿದಾಗಿದ್ದವು. ಮೋಟು ಸ್ಟೂಲು ಮಾತ್ರ ಮೂಲೆಯಲ್ಲಿತ್ತು. ಹೂವು ಹಾರಗಳೆಲ್ಲ ಹೊರಗಿನ ಮೇಜಿನ ಮೇಲೆ. ಶಿಷ್ಯ ಬಾಗಿಲು ಮುಂದೆ ಮಾಡಿ, ಕೂರದೆ, ನಿಂತೇ ಹೇಳಿದ.

“ಅಮ್ಮಾ, ನಾನೂರ ಹನ್ನೆರಡಕ್ಕೆ ಉತ್ತರ ಸಿಕ್ಕಿತು. ನಾನು ನಿಲ್ಲಿಸಿ ನೋಡಿರಲಿಲ್ಲ.”

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಒರೆಸಿದ್ದು ಮುಗಿದ ಮೇಲೂ ಒರೆಸುತ್ತಲೇ ಇದ್ದರು.

“ಎಷ್ಟೋ ದಾರಿ ಹುಡುಕಿದೆನಲ್ಲೋ” ಎಂದರು ಕೊನೆಗೆ, ತಮ್ಮಷ್ಟಕ್ಕೆ ಎಂಬಂತೆ. “ಯಂತ್ರ ಕೆಟ್ಟಿತ್ತೇ, ನಾಳ ಹೆಪ್ಪುಗಟ್ಟಿತ್ತೇ, ಹತ್ತು ನಿಮಿಷ ಸಾಲಲಿಲ್ಲವೇ, ಎಲ್ಲ ಯೋಚಿಸಿದೆ. ನಿನ್ನ ಮೇಲೆ ಅನುಮಾನ ಒಂದು ದಿನಕ್ಕೂ ಬರಲಿಲ್ಲ ನೋಡು.”

ಬೈದಿದ್ದರೆ ಶಿಷ್ಯ ತಡೆದುಕೊಳ್ಳುತ್ತಿದ್ದ.

“ಈ ಒಂದು ಸಾಲಿಗೆ ಹೆದರಿ ಎಷ್ಟು ಜನಕ್ಕೆ ಬೇಡದ ಸೂಜಿ ಚುಚ್ಚಿಸಿದೆ ನಾನು!” ಎಂದರು. ಮತ್ತೆ, “ಅಂಚೆಯವರಿಗೆ ಹೇಳಿದೆಯಾ?”

“ಅವರೇ ಇಲ್ಲಿಗೆ ಕಳಿಸಿದ್ದು.”

ಅವರು ತಲೆಯಾಡಿಸಿದರು. ದನಿ ಹಳೆಯ ಹದಕ್ಕೆ ಬಂತು. “ಅಭಿನಂದನ ಗ್ರಂಥಕ್ಕೆ ನಿನ್ನನ್ನೂ ಬರಿ ಅಂದಿದ್ದಾರಂತಲ್ಲ. ಇದನ್ನೇ ಬರಿ. ಹೊಗಳೋದಕ್ಕೆ ಬೇರೆಯವರಿದ್ದಾರೆ. ಓದಿದ ಹುಡುಗರಲ್ಲಿ ಒಬ್ಬನಾದರೂ ಹತ್ತು ನಿಮಿಷ ಕಾದಾನು.”

ಅವರ ಮಾತಿನಂತೆ ಇದನ್ನು ಬರೆದದ್ದಾಯಿತು. ಇಂಥ ಗುರುವಿಗೆ ದೀರ್ಘಾಯುಷ್ಯ ಕೋರುವ ಮುನ್ನ ಅವರ ಆಯುಷ್ಯದಿಂದ ತಾನು ಕಿತ್ತುಕೊಂಡದ್ದನ್ನು ಶಿಷ್ಯ ನೆನೆಯಬೇಕು. ಬರೆಯದೆ ಕಳೆದ ಆ ಇಪ್ಪತ್ತೆರಡು ವರ್ಷಗಳನ್ನು ಭಗವಂತ ಅವರಿಗೆ ಮುಂದೆ ಸೇರಿಸಿ ಕೊಡಲಿ, ಕಣ್ಣು ಮಂಜಾಗದಿರಲಿ, ಕೈ ಹಗುರವಾಗಿಯೇ ಇರಲಿ. ನಿಂತುಹೋದ ಪುಸ್ತಕ ನಿಂತ ಪುಟದಿಂದಲೇ ಮುಂದುವರಿದು, ದೊಡ್ಡ ಯಂತ್ರವಿಲ್ಲದ ಊರುಗಳ ಕೋಣೆಕೋಣೆಗೂ ತಲುಪಲಿ. ಪಾದಗಳು ಅವರನ್ನು ಇನ್ನೂ ಬೇಡುತ್ತಿವೆ.

ಅಂದು ಹೊರಡುವ ಮುನ್ನ ಶಿಷ್ಯ ಚೀಲದಿಂದ ಎಣ್ಣೆಬಟ್ಟೆಯ ಪುಸ್ತಕವನ್ನು ತೆಗೆದು ಮೇಜಿನ ಮೇಲಿಟ್ಟ. ಅಮ್ಮ ಅದನ್ನು ಮುಟ್ಟಲಿಲ್ಲ. ನಾನೂರ ಹನ್ನೆರಡನೆಯ ಪುಟ ತೆರೆಯುವಂತೆ ಗದ್ದದಲ್ಲೇ ಸನ್ನೆ ಮಾಡಿ, ತಮ್ಮ ಪೆನ್ಸಿಲನ್ನು ಅವನ ಕಡೆಗೆ ಉರುಳಿಸಿದರು. ಅವನು ಅವರ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ ‘ನಿಲ್ಲಿಸಿ ನೋಡಲಿಲ್ಲ’ ಎಂದು ಬರೆದು, ತನ್ನ ಸಹಿ ಹಾಕಿದ. ಆಮೇಲೆ ಪುಸ್ತಕವನ್ನು ಮುಚ್ಚಿ, ಎರಡೂ ಕೈಯಿಂದ ಎತ್ತಿ ಅವರ ಮುಂದೆ ಹಿಡಿದ. ಈ ಬಾರಿ ಅವರು ತೆಗೆದುಕೊಂಡರು.